ಗಿಡುಗ ಹೊತ್ತ ಮುಂಗೈ

2004ರ ಅಕ್ಟೋಬರ್ 18. ಬೆಲ್ಜಿಯಂ ದೇಶದ ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಗಳು ಮಾದಕವಸ್ತುಗಳಿಗಾಗಿ ಪ್ರಯಾಣಿಕರ ಚೀಲಗಳನ್ನು ತಪಾಸಣೆ ಮಾಡುತ್ತಿದ್ದರು. ಬ್ಯಾಂಕಾಕ್‌ನಿಂದ ವಿಯೆನ್ನಾ ಮಾರ್ಗವಾಗಿ ಬಂದಿದ್ದ ಥಾಯ್ಲೆಂಡಿನ ಪ್ರಯಾಣಿಕನೊಬ್ಬನ ಕೈಚೀಲದಲ್ಲಿ ಬೆತ್ತದ ಎರಡು ಕೊಳವೆಗಳು ಸಿಕ್ಕವು. ಒಂದೊಂದರೊಳಗೂ ಹತ್ತಿಬಟ್ಟೆಯಲ್ಲಿ ಸುತ್ತಿ, ತಲೆಯನ್ನು ಮಾತ್ರ ಹೊರಗೆ ಬಿಟ್ಟಿದ್ದ ಜೀವಂತ ಹದ್ದು. ಹಿಮಾಲಯದಿಂದ ಆಗ್ನೇಯ ಏಷ್ಯಾದವರೆಗಿನ ಬೆಟ್ಟದ ಕಾಡುಗಳಲ್ಲಿ ಬದುಕುವ, ನೆತ್ತಿಯ ಮೇಲೆ ಜುಟ್ಟಿರುವ ಬೇಟೆಹಕ್ಕಿಗಳು ಅವು. ಬೆಲ್ಜಿಯಂನ ಗಿಡುಗಬೇಟೆಯ ಹವ್ಯಾಸಿಯೊಬ್ಬ ಒಂದೊಂದಕ್ಕೂ 7,500 ಯೂರೋ ಕೊಡುವುದಾಗಿ ಹೇಳಿ ತರಿಸಿಕೊಂಡಿದ್ದ.

ಹಕ್ಕಿಗಳನ್ನು ಕೊಂದು ಪರೀಕ್ಷಿಸಿದಾಗ ಎರಡರಲ್ಲೂ ಎಚ್5ಎನ್1 ಹಕ್ಕಿಜ್ವರದ ವೈರಾಣು ಪತ್ತೆಯಾಯಿತು. ಆಗ ಆರಂಭವಾದದ್ದು ಮನುಷ್ಯರ ಹುಡುಕಾಟ. ಆ ಹಕ್ಕಿಗಳ ಸಮೀಪಕ್ಕೆ ಬಂದಿದ್ದ 25 ಮಂದಿಯನ್ನು ಗುರುತಿಸಿ ಪರೀಕ್ಷಿಸಲಾಯಿತು. ಹದ್ದುಗಳನ್ನು ಪರಿಶೀಲಿಸಿದ್ದ ಪಶುವೈದ್ಯರಿಗೆ ಕೆಂಗಣ್ಣು ಬಂತು. ಅದೃಷ್ಟಕ್ಕೆ ಯಾರಲ್ಲೂ ವೈರಾಣು ಸಿಗಲಿಲ್ಲ. ಪ್ರಕರಣ ಒಂದು ವೈದ್ಯಕೀಯ ಪತ್ರಿಕೆಯ ಲೇಖನವಾಗಿ ದಾಖಲಾಯಿತು.

ಗಿಡುಗಬೇಟೆಯ ಚರಿತ್ರೆಯನ್ನು ಓದಿದವರಿಗೆ ಈ ಪ್ರಕರಣದಲ್ಲಿ ಹೊಸದಾಗಿ ಕಾಣುವುದು ಕಳ್ಳಸಾಗಣೆಯಲ್ಲ, ಹಕ್ಕಿಗಿದ್ದ ಬೆಲೆಯೂ ಅಲ್ಲ. ಅವೆರಡೂ ಹಳೆಯವೇ. ಹೊಸದು ಆ 25 ಮಂದಿ. ಬೇಟೆಹಕ್ಕಿಯನ್ನು ಮುಟ್ಟಿದ ಮನುಷ್ಯರಿಗೆ ಏನಾಯಿತು ಎಂದು ಒಬ್ಬರು ಕೇಳಿದರು, ಕೇಳಿದ್ದನ್ನು ಬರೆದಿಟ್ಟರು. ಇಷ್ಟು ಸರಳವಾದ ಈ ಪ್ರಶ್ನೆಯನ್ನು ನೂರಾರು ವರ್ಷಗಳ ಗಿಡುಗಶಾಸ್ತ್ರ ಕೇಳಿರಲಿಲ್ಲ. ಹಕ್ಕಿಯ ರೋಗಕ್ಕೆ ಪುಟಗಟ್ಟಲೆ ಮದ್ದು ಬರೆದ ಪರಂಪರೆ, ಅದನ್ನು ಹೊತ್ತ ಕೈಯ ವಿಷಯದಲ್ಲಿ ಏಕೆ ಮೌನವಾಗಿತ್ತು ಎಂಬುದೇ ಈ ಬರಹದ ವಿಷಯ.

*

ಗಿಡುಗಬೇಟೆ ಎಂದರೆ ನಮಗೆ ಅರಬರ ಮರುಭೂಮಿಯೋ ಯೂರೋಪಿನ ಕೋಟೆಯೋ ನೆನಪಾಗುತ್ತದೆ. ಆದರೆ ಕನ್ನಡಕ್ಕೂ ಇದು ಹೊರಗಿನದಲ್ಲ. ಗಿಡುಗ, ಡೇಗೆ, ಸಾಳುವ ಎಂಬ ಮಾತುಗಳು ನಮ್ಮ ನಿಘಂಟಿನಲ್ಲಿವೆ. ಸಾಳುವ ಎಂದರೆ ಬೇಟೆಗೆ ಬಳಸುವ ಒಂದು ಬಗೆಯ ಗಿಡುಗ. 1485ರಲ್ಲಿ ವಿಜಯನಗರದ ಸಿಂಹಾಸನವೇರಿದ ಸಾಳುವ ನರಸಿಂಹನ ವಂಶ ಹೊತ್ತದ್ದು ಈ ಹಕ್ಕಿಯ ಹೆಸರನ್ನೇ. ಅದಕ್ಕೂ ಮೂರೂವರೆ ಶತಮಾನ ಹಿಂದೆ, ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ಮಹಾಕೋಶವನ್ನು ರಚಿಸಿದ. ಕಾಲ ಸುಮಾರು 1129. ಅರಸನಿಗೆ ತಕ್ಕ ವಿನೋದಗಳನ್ನು ಹೇಳುವ ಭಾಗದಲ್ಲಿ ಆನೆ, ಕುದುರೆ, ಟಗರು, ಕೋಳಿ, ಪಾರಿವಾಳಗಳ ಸಾಲಿನಲ್ಲಿ ‘ಶ್ಯೇನ ವಿನೋದ’ವೂ ಇದೆ. ಗಿಡುಗವನ್ನು ಹಿಡಿಯುವುದು, ಪಳಗಿಸುವುದು, ಬೇಟೆಗೆ ಬಿಡುವುದು ಒಂದು ವಿದ್ಯೆಯಾಗಿ ಅಲ್ಲಿ ನಿರೂಪಿತವಾಗಿದೆ.

ಸೋಮೇಶ್ವರನ ನಂತರದ ಶತಮಾನದಲ್ಲಿ, ದೂರದ ಇಟಲಿಯಲ್ಲಿ, ಪವಿತ್ರ ರೋಮನ್ ಸಾಮ್ರಾಟ ಎರಡನೆಯ ಫ್ರೆಡರಿಕ್ (1194–1250) ಇದೇ ವಿದ್ಯೆಯ ಮೇಲೆ ಆರು ಭಾಗಗಳ ಲ್ಯಾಟಿನ್ ಗ್ರಂಥ ಬರೆದ. ವ್ಯಾಟಿಕನ್ ಗ್ರಂಥಾಲಯದಲ್ಲಿ ಉಳಿದಿರುವ ಅದರ ಒಂದು ಹಸ್ತಪ್ರತಿಯ ಅಂಚುಗಳಲ್ಲಿ ಸುಮಾರು 900 ಹಕ್ಕಿಚಿತ್ರಗಳಿವೆ. ಅರಿಸ್ಟಾಟಲ್‌ನನ್ನೂ ಕಣ್ಣಾರೆ ಕಂಡದ್ದರ ಬಲದಿಂದ ತಿದ್ದಿದ ಗ್ರಂಥ ಅದು. ಅದರಲ್ಲಿ ಗಿಡುಗ ಸಾಕುವವನು ಹೇಗಿರಬೇಕೆಂಬ ವಿವರವೂ ಬರುತ್ತದೆ. ಅವನು ಕುಡುಕನಾಗಿರಬಾರದು, ನಿದ್ದೆಬುರುಕನಾಗಿರಬಾರದು, ಮುಂಗೋಪಿಯಾಗಿರಬಾರದು. ಅವನ ಕಣ್ಣು, ಕಿವಿ ಚುರುಕಾಗಿರಬೇಕು. ಹೊಳೆಯಾಚೆ ಬಿದ್ದ ಹಕ್ಕಿಯನ್ನು ತರಲು ಈಜು ಬಲ್ಲವನಾಗಿರಬೇಕು. ಗಾಬರಿಗೊಂಡ ಹಕ್ಕಿಯನ್ನು ತಣಿಸಲು ಅವನು ಬಾಯಲ್ಲಿ ನೀರು ತುಂಬಿಕೊಂಡು ಅದರ ಮೇಲೆ ಸಿಂಪಡಿಸಬೇಕು. ಆಳಿನ ದೇಹದ ಬಗ್ಗೆ ಇಷ್ಟೆಲ್ಲ ಮಾತು ಬರುವುದು ಆ ದೇಹ ಹಕ್ಕಿಗೆ ಎಷ್ಟು ಒದಗೀತು ಎಂಬ ಲೆಕ್ಕದಲ್ಲಿ.

ಇದೇ ಫ್ರೆಡರಿಕ್‌ನ ಆಸ್ಥಾನದಲ್ಲಿ, ಆಂಟಿಯೋಕಿನ ಥಿಯೋಡೋರ್ ಎಂಬ ಪಂಡಿತ ‘ಮೋವಾಮಿನ್’ ಎಂದು ಯೂರೋಪಿನಲ್ಲಿ ಹೆಸರಾದ ಅರಬ್ಬಿ ಗ್ರಂಥವನ್ನು ಲ್ಯಾಟಿನ್ನಿಗೆ ತಂದ. ಬೇಟೆಹಕ್ಕಿಗಳ ರೋಗ ಮತ್ತು ಚಿಕಿತ್ಸೆ ಅದರ ಮುಖ್ಯ ವಿಷಯ. 1240–41ರಲ್ಲಿ ಫಯೆಂಝಾ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದಾಗ ಸಾಮ್ರಾಟ ಸ್ವತಃ ಆ ಅನುವಾದವನ್ನು ತಿದ್ದಿದ. ಯುದ್ಧದ ನಡುವೆ ಗಿಡುಗದ ಔಷಧಿಗೆ ಸಮಯ ಸಿಗುತ್ತದೆಂದರೆ, ಆ ಹಕ್ಕಿಗೆ ಅರಮನೆಯಲ್ಲಿದ್ದ ಸ್ಥಾನ ಅರ್ಥವಾಗುತ್ತದೆ.

ಮುಂದಿನ ಶತಮಾನಗಳಲ್ಲಿ ಭಾಷೆ, ದೇಶ ಬದಲಾದರೂ ಪುಸ್ತಕದ ರೂಪ ಬದಲಾಗಲಿಲ್ಲ. 1486ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ ಸೇಂಟ್ ಆಲ್ಬನ್ಸ್ ಪುಸ್ತಕದಲ್ಲಿ ಗಿಡುಗಗಳ ರೋಗಗಳಿಗೆ ಹೆಸರುಗಳಿವೆ, ಮದ್ದುಗಳಿವೆ. 16ನೆಯ ಶತಮಾನದಲ್ಲಿ ಹಿಮಾಲಯದ ಕುಮಾವೂಂ ಪ್ರದೇಶವನ್ನಾಳಿದ ರುದ್ರದೇವ ‘ಶ್ಯೈನಿಕ ಶಾಸ್ತ್ರ’ ಬರೆದ. ಕಲ್ಕತ್ತೆಯಲ್ಲಿ ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಗಿಡುಗಗಳ ಆರೈಕೆ, ಚಿಕಿತ್ಸೆ ಅಲ್ಲೂ ವಿವರವಾಗಿ ಬರುತ್ತವೆ. ಅದೇ ಕಾಲದ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಅಕ್ಬರನ ಗಿಡುಗಗಳಿಗೆ ಸಿಗುತ್ತಿದ್ದ ಮಾಂಸದ ತೂಕವನ್ನು ಬರೆದಿಟ್ಟ. ಬೇರೆ ಕಡೆ ದಿನಕ್ಕೊಮ್ಮೆ ಉಣಿಸಿದರೆ ಆಸ್ಥಾನದಲ್ಲಿ ಎರಡು ಸಲ ಎಂದೂ ಸೇರಿಸಿದ. ಗಿಡುಗ ನೋಡಿಕೊಳ್ಳುವ ಆಳುಗಳ ಸಂಬಳವೂ ಅಲ್ಲಿದೆ. 19ನೆಯ ಶತಮಾನದ ಇರಾನಿನಲ್ಲಿ ರಾಜಮನೆತನದ ತೈಮೂರ್ ಮಿರ್ಜಾ ಬರೆದ ‘ಬಾಜ್‌ನಾಮಾ-ಯಿ-ನಾಸಿರಿ’ಯನ್ನು ಬ್ರಿಟಿಷ್ ಸೇನಾಧಿಕಾರಿ ಫಿಲಟ್ 1908ರಲ್ಲಿ ಇಂಗ್ಲಿಷಿಗೆ ತಂದ. ಮತ್ತೆ ಅದೇ: ಹಕ್ಕಿಯ ಜಾತಿ, ಗುಣ, ಆಹಾರ, ರೋಗ, ಮದ್ದು.

ಈ ಪುಸ್ತಕಗಳ ಪಟ್ಟಿಯಲ್ಲಿ ಒಂದು ಸಾಮ್ಯವಿದೆ. ಬರೆದವರು ದೊರೆಗಳು, ರಾಜಕುಮಾರರು, ಇಲ್ಲವೇ ಅವರ ಪಂಡಿತರು. ಹಕ್ಕಿಯ ಮಲಗೂಡನ್ನು ಗುಡಿಸಿದವರು ಬರೆಯಲಿಲ್ಲ.

*

ಗುಡಿಸಿದವರ ದಿನಚರಿಯನ್ನು ಇದೇ ಪುಸ್ತಕಗಳ ಸಾಲುಗಳ ನಡುವಿನಿಂದ ಊಹಿಸಿಕೊಳ್ಳಬಹುದು. ಹೊಸದಾಗಿ ಹಿಡಿದ ಹಕ್ಕಿ ಮನುಷ್ಯನಿಗೆ ಒಗ್ಗಬೇಕಾದರೆ ಅದನ್ನು ಹಗಲು ರಾತ್ರಿ ಕೈಯ ಮೇಲೆ ಹೊತ್ತು ಎಚ್ಚರವಾಗಿರಬೇಕು. ಅದಕ್ಕೆ ಲೋಕ ಕಾಣದಂತೆ ರೆಪ್ಪೆಗಳನ್ನು ದಾರದಿಂದ ಹೊಲಿಯುತ್ತಿದ್ದರು, ಇಲ್ಲವೇ ಕುಲಾವಿಯಂಥ ಚರ್ಮದ ಟೋಪಿ ತೊಡಿಸುತ್ತಿದ್ದರು. ಪಾರಿವಾಳವನ್ನೋ ಕೋಳಿಮರಿಯನ್ನೋ ಕೊಯ್ದು ಹಸಿ ಮಾಂಸವನ್ನು ಬೆರಳಲ್ಲಿ ಹಿಡಿದು ತಿನ್ನಿಸಬೇಕು. ಬೇಟೆಹಕ್ಕಿ ಅರಗದ ಗರಿ, ಮೂಳೆಗಳನ್ನು ಉಂಡೆ ಮಾಡಿ ಬೆಳಿಗ್ಗೆ ಉಗುಳುತ್ತದೆ. ಆ ಉಂಡೆ ಒದ್ದೆಯಾಗಿದೆಯೇ, ಒಣಗಿದೆಯೇ, ನಾರುತ್ತಿದೆಯೇ, ಹಿಕ್ಕೆಯ ಬಣ್ಣ ಬಿಳಿಯೇ ಹಸಿರೇ ಎಂದು ನೋಡಿ ಹಕ್ಕಿಯ ಆರೋಗ್ಯವನ್ನು ಅಳೆಯಬೇಕು. ಒಳ್ಳೆಯ ಗಿಡುಗಬೇಟೆಗಾರನ ಲಕ್ಷಣವೇ ಇದು.

ಇಂದು ನಮಗೆ ತಿಳಿದಿರುವ ಸೂಕ್ಷ್ಮಜೀವಿಶಾಸ್ತ್ರದ ಕಣ್ಣಿನಿಂದ ಈ ದಿನಚರಿಯನ್ನು ನೋಡಿದರೆ, ಆರೈಕೆಯ ಒಂದೊಂದು ಹೆಜ್ಜೆಯೂ ಸೋಂಕಿನ ದಾರಿಯಾಗಿ ಕಾಣುತ್ತದೆ. ಒಣಗಿದ ಹಿಕ್ಕೆ ಧೂಳಾಗಿ ಮೇಲೆದ್ದರೆ ಅದರೊಡನೆ ಕ್ಲಮೈಡಿಯಾ ಎಂಬ ಬ್ಯಾಕ್ಟೀರಿಯಾ ಉಸಿರಿನೊಳಗೆ ಹೋಗಬಹುದು. ಹಸಿ ಕೋಳಿಮಾಂಸ ಮತ್ತು ಹಕ್ಕಿಯ ಹೊಟ್ಟೆ, ಎರಡೂ ಸಾಲ್ಮೊನೆಲ್ಲಾದ ನೆಲೆಗಳು. ಹಕ್ಕಿಗಳ ಕ್ಷಯಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾ ಗಟ್ಟಿಮುಟ್ಟಾದವರನ್ನು ಸಾಮಾನ್ಯವಾಗಿ ಕಾಡದಿದ್ದರೂ ದೇಹದ ರಕ್ಷಣಾಶಕ್ತಿ ಕುಂದಿದವರನ್ನು ಬಿಡುವುದಿಲ್ಲ. ಉಗುರಿನ ಗೀರು ಕೀವಾಗಬಹುದು. ಹಳೆಯ ಚಿತ್ರಗಳಲ್ಲೆಲ್ಲ ಕಾಣುವ ಚರ್ಮದ ಕೈಗವಸು ಉಗುರನ್ನು ತಡೆಯುತ್ತದೆ, ಧೂಳನ್ನು ತಡೆಯುವುದಿಲ್ಲ.

ಬೇಟೆಹಕ್ಕಿಯ ಇನ್ನೊಂದು ವಿಶೇಷ ಅದರ ಊಟ. ಗಿಣಿ ಕಾಳು ತಿನ್ನುತ್ತದೆ. ಗಿಡುಗ ಬೇರೆ ಹಕ್ಕಿಗಳನ್ನು ತಿನ್ನುತ್ತದೆ. ರೋಗ ತಗುಲಿ ಸೋತ ಹಕ್ಕಿಯೇ ಮೊದಲು ಅದರ ಉಗುರಿಗೆ ಸಿಗುವುದು. ಹೀಗೆ ಬಯಲಿನ ಪಾರಿವಾಳ, ಬಾತು, ಕೋಳಿಗಳ ಕಾಯಿಲೆಗಳೆಲ್ಲ ಬಂದು ಸೇರುವ ಜಾಗ ಗಿಡುಗದ ಮೈ. ಆ ಮೈ ಮನುಷ್ಯನ ಮುಖದಿಂದ ಒಂದು ಮೊಳ ದೂರದಲ್ಲಿ, ಅವನ ಮುಂಗೈ ಮೇಲೆ ಕೂತಿರುತ್ತದೆ.

ಹಾಗಾದರೆ ಗಿಡುಗ ಸಾಕಿದವರೆಲ್ಲ ಕಾಯಿಲೆ ಬಿದ್ದು ಸತ್ತರೇ? ಖಂಡಿತ ಇಲ್ಲ. ಹಕ್ಕಿಯಿಂದ ಮನುಷ್ಯನಿಗೆ ಈ ಸೋಂಕುಗಳು ದಾಟುವುದು ಅಪರೂಪವೇ. ಜೀವಮಾನವಿಡೀ ಗಿಡುಗಗಳ ಜೊತೆ ಕಳೆದು ಮುಪ್ಪಿನಲ್ಲಿ ತೀರಿಕೊಂಡವರೂ ಬೇಕಾದಷ್ಟು ಮಂದಿ ಇದ್ದಾರು. ಪುಸ್ತಕಗಳ ಮೌನಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ಇದೊಂದೇ ಕಾರಣ ಎಂದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ಮೊದಲನೆಯದಾಗಿ, ಈ ಕಾಯಿಲೆಗಳು ಮುಖ ಮರೆಸಿಕೊಂಡು ಬರುತ್ತವೆ. ಹಕ್ಕಿಯ ಧೂಳು ಉಸಿರಾಡಿದ ಐದರಿಂದ ಹದಿನಾಲ್ಕು ದಿನಗಳ ಬಳಿಕ ಜ್ವರ, ತಲೆನೋವು, ಒಣಕೆಮ್ಮು ಶುರುವಾದರೆ, ಅದು ಗಿಡುಗದಿಂದ ಬಂದದ್ದೆಂದು ಯಾರಿಗೆ ಹೊಳೆಯುತ್ತದೆ? ನೂರು ಬಗೆಯ ಜ್ವರಗಳಿದ್ದ ಕಾಲದಲ್ಲಿ ಅದು ನೂರ ಒಂದನೆಯದು. ಎರಡನೆಯದಾಗಿ, ಹಕ್ಕಿ ಸತ್ತರೆ ಅರಮನೆಗೆ ನಷ್ಟ. ಆಳು ಸತ್ತರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ದಾಖಲೆ ಹುಟ್ಟುವುದು ನಷ್ಟದ ಲೆಕ್ಕ ಇಡುವ ಕಡೆ.

ಮೂರನೆಯದು ಸಾವಿನ ಗೌರವದ ಪ್ರಶ್ನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಿತ. ಮಣಲೆರನಿಗೆ ಬಹುಮಾನವಾಗಿ ಬಂದಿದ್ದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಸೆಣಸಿ ಸತ್ತದ್ದನ್ನು ಅದು ನೆನೆಯುತ್ತದೆ. ನಾಯಿಗೂ ಹೆಸರಿಟ್ಟು ಕಲ್ಲು ನಿಲ್ಲಿಸಿದ ನಾಡು ನಮ್ಮದು, ಇದು ಹೆಮ್ಮೆಯ ಮಾತೇ. ಆದರೆ ವೀರಗಲ್ಲು ನಿಲ್ಲುವುದು ಹೋರಾಡಿ ಬಿದ್ದವರಿಗೆ. ಬೇಟೆಯ ಪ್ರಾಣಿಗಳ ಲಾಯದಲ್ಲಿ ಕೆಮ್ಮಿ ಕೆಮ್ಮಿ ಸತ್ತವನ ಸಾವು ಯಾವ ಬಗೆಯ ಕಲ್ಲಿಗೂ ಹೊಂದುವುದಿಲ್ಲ.

*

ಹಕ್ಕಿಯಿಂದ ಮನುಷ್ಯನಿಗೆ ರೋಗ ಬರುತ್ತದೆ ಎಂಬ ತಿಳಿವು ಗಿಡುಗಶಾಲೆಯಲ್ಲಿ ಹುಟ್ಟಲಿಲ್ಲ. ಅದು ಹುಟ್ಟಿದ್ದು ಮಧ್ಯಮವರ್ಗದ ಮನೆಯಲ್ಲಿ, ಪಂಜರದ ಗಿಣಿಯ ಪಕ್ಕದಲ್ಲಿ. 1879ರಲ್ಲಿ ಸ್ವಿಟ್ಜರ್ಲೆಂಡಿನ ಊಸ್ಟರ್ ಎಂಬ ಊರಿನಲ್ಲಿ ಯಾಕೋಬ್ ರಿಟ್ಟರ್ ಎಂಬ ವೈದ್ಯನ ಅಣ್ಣತಮ್ಮಂದಿರ ಮನೆಯೊಂದರಲ್ಲಿ ಏಳು ಮಂದಿ ವಿಚಿತ್ರ ಜ್ವರದಿಂದ ಮಲಗಿದರು, ಮೂವರು ಸತ್ತರು. ಕಾಯಿಲೆಯ ಮೂಲ, ಹೊರಗಿನಿಂದ ತರಿಸಿದ ಹಕ್ಕಿಗಳನ್ನು ಇಟ್ಟಿದ್ದ ಕೋಣೆ ಎಂದು ರಿಟ್ಟರ್ ಗುರುತಿಸಿದ. ಟೈಫಸ್ ಜ್ವರದಂತೆಯೂ ನ್ಯುಮೋನಿಯಾದಂತೆಯೂ ಕಂಡದ್ದರಿಂದ ಎರಡನ್ನೂ ಜೋಡಿಸಿ ಹೆಸರು ಕೊಟ್ಟ. ಮುಖ ಮರೆಸಿಕೊಂಡು ಬರುವ ರೋಗ ಎಂದದ್ದು ಇದಕ್ಕೇ. 1892ರಲ್ಲಿ ಪ್ಯಾರಿಸ್ಸಿನಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಗಿಣಿಗಳ ಸುತ್ತ ಇದೇ ಜ್ವರ ಎದ್ದಿತು. ಗಿಣಿಗೆ ಗ್ರೀಕಿನಲ್ಲಿರುವ ಹೆಸರಿನಿಂದ ಅದಕ್ಕೆ ‘ಸಿಟ್ಟಕೋಸಿಸ್’ ಎಂಬ ಹೆಸರು ಬಂತು.

1929ರ ಕೊನೆಗೆ ಅರ್ಜೆಂಟೀನಾದಿಂದ ಹೊರಟ ಗಿಣಿಗಳೊಡನೆ ಈ ಜ್ವರ ಯೂರೋಪು, ಅಮೆರಿಕಗಳಿಗೆ ಹಬ್ಬಿತು. 1930ರ ಜನವರಿ 24ರಂದು ಅಧ್ಯಕ್ಷ ಹೂವರ್ ಗಿಣಿಗಳ ಆಮದನ್ನು ನಿರ್ಬಂಧಿಸಿದರು. ವಾಷಿಂಗ್ಟನ್ನಿನ ಸರ್ಕಾರಿ ಆರೋಗ್ಯ ಪ್ರಯೋಗಾಲಯದಲ್ಲಿ ಚಾರ್ಲ್ಸ್ ಆರ್ಮ್‌ಸ್ಟ್ರಾಂಗ್ ಎಂಬ ವಿಜ್ಞಾನಿ ಮತ್ತು ಹೆನ್ರಿ ಆಂಡರ್ಸನ್ ಎಂಬ ಸಹಾಯಕ ನೆಲಮಾಳಿಗೆಯಲ್ಲಿ ರೋಗದ ಗಿಣಿಗಳನ್ನಿಟ್ಟುಕೊಂಡು ಅಧ್ಯಯನ ಮಾಡತೊಡಗಿದರು. ಇಬ್ಬರಿಗೂ ರೋಗ ತಗುಲಿತು. ಆರ್ಮ್‌ಸ್ಟ್ರಾಂಗ್ ಉಳಿದುಕೊಂಡರು. ಆಂಡರ್ಸನ್ ಫೆಬ್ರುವರಿ 8ರಂದು ತೀರಿಕೊಂಡರು. ಅದೇ ಕಟ್ಟಡದಲ್ಲಿ ಒಟ್ಟು ಹನ್ನೊಂದು ಮಂದಿಗೆ ಸೋಂಕು ಬಂತು. ಹಕ್ಕಿಗಳಿದ್ದ ಕೋಣೆಗೆ ಕಾಲಿಡದವರೂ ಅವರಲ್ಲಿದ್ದರು. ಕೊನೆಗೆ ಮುಖ್ಯಸ್ಥ ಜಾರ್ಜ್ ಮೆಕಾಯ್ ತಾವೇ ನೆಲಮಾಳಿಗೆಗೆ ಇಳಿದು ಪ್ರಾಣಿಗಳನ್ನೆಲ್ಲ ಕೊಂದು ಕೆಲಸ ನಿಲ್ಲಿಸಿದರು. ಅದೇ ವರ್ಷದ ಮೇ ತಿಂಗಳಲ್ಲಿ ಆ ಪ್ರಯೋಗಾಲಯ ‘ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಹೆಲ್ತ್’ ಎಂಬ ಹೊಸ ಹೆಸರು ಪಡೆಯಿತು.

ಆಂಡರ್ಸನ್ ವಿಜ್ಞಾನಿಯಲ್ಲ, ಹಕ್ಕಿಗಳನ್ನು ಹಿಡಿದು, ತಿನ್ನಿಸಿ, ಗೂಡು ತೊಳೆದ ಸಹಾಯಕ. ಅರಮನೆಯ ಗಿಡುಗಶಾಲೆಯಲ್ಲಿ ಅವರಂಥವರು ಎಷ್ಟೋ ಜನ ಇದ್ದಿರಬೇಕು. ವ್ಯತ್ಯಾಸವೆಂದರೆ ಆಂಡರ್ಸನ್‌ರ ಹೆಸರು, ಸತ್ತ ದಿನ, ಸತ್ತ ಕಾರಣ ಮೂರೂ ನಮಗೆ ಗೊತ್ತು. ಹಕ್ಕಿಯ ಕಾಯಿಲೆಯ ಚರಿತ್ರೆಯಲ್ಲಿ ಹಕ್ಕಿ ಹಿಡಿದವನು ಇಲ್ಲಿ ಹೆಸರಿನೊಡನೆ ಬರುತ್ತಾನೆ.

ಹೆಸರಿಲ್ಲದೆ ಬಂದವರೂ ಇದ್ದಾರೆ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ಫಲ್ಮರ್ ಎಂಬ ಕಡಲಹಕ್ಕಿಯ ಮರಿಗಳನ್ನು ಹಿಡಿದು ತಿನ್ನುವುದು ರೂಢಿ. ಹಿಡಿಯುವುದು ಗಂಡಸರ ಕೆಲಸ, ಗರಿ ಕೀಳುವುದು ಹೆಂಗಸರದು. 1930ರ ದಶಕದಲ್ಲಿ ಹಕ್ಕಿ ಹಿಡಿಯುವ ಕಾಲ ಬಂದಾಗ ಅಲ್ಲಿ ಒಂದು ಮಾರಕ ಶ್ವಾಸಕೋಶದ ಕಾಯಿಲೆ ಏಳುತ್ತಿತ್ತು, ಹೆಚ್ಚಾಗಿ ಹೆಂಗಸರನ್ನೇ ಒಯ್ಯುತ್ತಿತ್ತು. 1938ರ ಹೊತ್ತಿಗೆ ಅದೂ ಗಿಣಿಜ್ವರವೇ ಎಂಬುದು ಸ್ಪಷ್ಟವಾಯಿತು. ಗರಿ ಕೀಳುವಾಗ ಏಳುವ ಧೂಳು ಯಾರ ಮೂಗಿಗೆ ಹೋಯಿತೋ ಅವರಿಗೇ ರೋಗ. ಯಾರು ಸಾಯುತ್ತಾರೆ ಎಂಬುದನ್ನು ಇಲ್ಲಿ ತೀರ್ಮಾನಿಸಿದ್ದು ಮನೆಯೊಳಗಿನ ಕೆಲಸದ ಹಂಚಿಕೆ.

ಗಿಡುಗಗಳಿಗೂ ಈ ಕುಟುಂಬದ ಬ್ಯಾಕ್ಟೀರಿಯಾಗಳು ತಗಲುತ್ತವೆ ಎಂಬುದು ಆಮೇಲೆ ತಿಳಿದುಬಂತು. 2019ರಲ್ಲಿ ಅಮೆರಿಕದ ಒಂದು ಗಿಡುಗದಲ್ಲಿ ಕ್ಲಮೈಡಿಯಾದ ಹೊಸ ಪ್ರಭೇದವೇ ಪತ್ತೆಯಾಯಿತು. ಗಿಡುಗದ ಕುಲನಾಮದಿಂದಲೇ ಅದಕ್ಕೆ ‘ಬ್ಯುಟಿಯೋನಿಸ್’ ಎಂದು ಹೆಸರಿಟ್ಟರು. ಗಿಣಿಜ್ವರಕ್ಕೆ ಈಗ ಮದ್ದಿದೆ. ಡಾಕ್ಸಿಸೈಕ್ಲಿನ್‌ನಂಥ ಸಾಮಾನ್ಯ ಮಾತ್ರೆಗೆ ಅದು ಬಗ್ಗುತ್ತದೆ. ಆದರೆ ಮಾತ್ರೆ ಬರೆಯಬೇಕಾದ ವೈದ್ಯರಿಗೆ ರೋಗಿ ಹಕ್ಕಿಗಳ ಜೊತೆ ಇರುವವನೆಂದು ತಿಳಿದಿರಬೇಕು. ರಿಟ್ಟರ್‌ನ ಕಾಲಕ್ಕೂ ಈ ಕಾಲಕ್ಕೂ ಬದಲಾಗದ ಮಾತು ಇದು.

*

ಈ ಕಥೆಯ ಎರಡು ಎಳೆಗಳು ನಮ್ಮ ದೇಶದಲ್ಲೇ ಇವೆ. ಮೊದಲನೆಯದು ರುದ್ರದೇವನ ಕುಮಾವೂಂನಿಂದ. ಗಿಡುಗಗಳ ಆರೈಕೆಯನ್ನು ಸಂಸ್ಕೃತದಲ್ಲಿ ಬರೆದಿಟ್ಟ ಆ ಬೆಟ್ಟಸೀಮೆಯಲ್ಲೇ ರಾಣಿಖೇತ್ ಎಂಬ ಊರಿದೆ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಸಮೀಪ ಕೋಳಿಗಳನ್ನು ಸಾಲುಸಾಲಾಗಿ ಕೊಂದ ರೋಗ ಮರುವರ್ಷ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ನಮಗದು ರಾಣಿಖೇತ್ ರೋಗ. ಕೋಳಿ ಸಾಕುವ ನಮ್ಮ ಹಳ್ಳಿಗರು ಅದನ್ನು ಕೊಕ್ಕರೆ ರೋಗ ಎನ್ನುತ್ತಾರೆ. ಇದು ಗಿಡುಗಗಳನ್ನೂ ಕೊಲ್ಲುತ್ತದೆ. ಮನುಷ್ಯನಿಗೆ ತಗುಲಿದರೆ ಸಾಮಾನ್ಯವಾಗಿ ಕಣ್ಣು ಕೆಂಪಾಗಿ ಕೆಲವು ದಿನಗಳಲ್ಲಿ ವಾಸಿಯಾಗುತ್ತದೆ. 1943ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಇಂಥ ಕೆಂಗಣ್ಣನ್ನು ವರದಿ ಮಾಡಿದರು. ಸೋಂಕು ತಗುಲಿದ್ದು ಪ್ರಯೋಗಾಲಯದ ಕೆಲಸಗಾರರಿಗೆ. ಹಳೆಯ ಕಾಲದ ಗಿಡುಗಬೇಟೆಗಾರರಿಗೆ ಎಷ್ಟು ಸಲ ಕಣ್ಣು ಬಂದಿರಬಹುದೋ! ಪುಸ್ತಕಗಳಲ್ಲಿ ಇರುವುದು ಹಕ್ಕಿಯ ಕಣ್ಣಿನ ಮದ್ದು ಮಾತ್ರ.

ಎರಡನೆಯ ಎಳೆ ಮಲೆನಾಡಿನದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜೊತೆಗೆ ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಅದರ ವೈರಾಣು ರಷ್ಯಾದ ಕಡೆಯ ಉಣ್ಣೆಜ್ವರಗಳ ವೈರಾಣುವಿಗೆ ಹತ್ತಿರದ್ದೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಗುರುತಿಸಿದಾಗ, ವಲಸೆಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದವೇ ಎಂಬ ಅನುಮಾನ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳುತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಂಡಿತು. ಹಕ್ಕಿಗೆ ನೋವಾಗದಂತೆ ಹಿಡಿಯಬಲ್ಲ ಕೈಗಳು ಬೇಕಿದ್ದವು. ಅವರು ಕರೆಸಿಕೊಂಡವರಲ್ಲಿ ಬಿಹಾರದ ಮೀರ್ ಶಿಕಾರಿಗಳಿದ್ದರು. ಬೇಟೆಯ ಮುಖ್ಯಸ್ಥ ಎಂಬ ಅರ್ಥದ ಆಸ್ಥಾನದ ಬಿರುದನ್ನೇ ಸಮುದಾಯದ ಹೆಸರಾಗಿ ಹೊತ್ತ, ಹಕ್ಕಿ ಹಿಡಿಯುವುದನ್ನೇ ಕಸುಬಾಗಿಸಿಕೊಂಡ ಜನ.

ಮಂಗನ ಕಾಯಿಲೆ ವಲಸೆಹಕ್ಕಿಗಳಿಂದ ಬಂದದ್ದೆಂದು ಸಾಬೀತಾಗಲಿಲ್ಲ. ನಮ್ಮದೇ ಕಾಡಿನ ಉಣ್ಣೆ ಮತ್ತು ಸಣ್ಣ ಪ್ರಾಣಿಗಳಲ್ಲಿ ಅದು ನೆಲೆಸಿದೆ. ಆದರೂ ನನ್ನ ಪ್ರಶ್ನೆಗೆ ಈ ಪ್ರಸಂಗ ಮುಖ್ಯವಾದದ್ದು. ಶತಮಾನಗಳ ಕಾಲ ಅರಸರ ವಿನೋದಕ್ಕೆ ದುಡಿದ ಕೈಚಳಕ, ಮಲೆನಾಡಿನ ಕೂಲಿಕಾರರ, ಸೌದೆ ತರುವ ಹೆಂಗಸರ ಜ್ವರದ ಮೂಲ ಹುಡುಕಲು ಬಳಕೆಯಾಯಿತು. ಹಕ್ಕಿ ಹಿಡಿಯುವವನ ಕೈ ಮತ್ತು ಮನುಷ್ಯನ ರೋಗ, ಎರಡೂ ಒಂದೇ ವಾಕ್ಯದಲ್ಲಿ ಬಂದವು.

*

1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಚ್5ಎನ್1 ವೈರಾಣು 18 ಮಂದಿಗೆ ತಗುಲಿ 6 ಮಂದಿ ಸತ್ತಾಗ ಹಕ್ಕಿಜ್ವರ ಜಗತ್ತಿನ ಭಯವಾಯಿತು. ಬ್ರಸೆಲ್ಸ್‌ನ ಹದ್ದುಗಳು ಸಿಕ್ಕಿಬಿದ್ದದ್ದು ಅದಾಗಿ ಏಳು ವರ್ಷಗಳ ಮೇಲೆ. ಮರುವರ್ಷ ಸೌದಿ ಅರೇಬಿಯಾದ ಗಿಡುಗಗಳಲ್ಲೂ ಈ ವೈರಾಣು ಸಿಕ್ಕಿತು. 2005ರ ಅಕ್ಟೋಬರಿನಲ್ಲಿ ಯೂರೋಪಿಯನ್ ಒಕ್ಕೂಟ ಕಾಡುಹಕ್ಕಿಗಳ ಆಮದನ್ನು ತಾತ್ಕಾಲಿಕವಾಗಿ ತಡೆಯಿತು. 2007ರಲ್ಲಿ ಅದು ಕಾಯಂ ನಿಷೇಧವಾಯಿತು. 2010ರಲ್ಲಿ ಯುನೆಸ್ಕೋ ಗಿಡುಗಬೇಟೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. 1999ರಿಂದ ಅಬುಧಾಬಿಯಲ್ಲಿ ಗಿಡುಗಗಳಿಗೇ ಮೀಸಲಾದ ಆಸ್ಪತ್ರೆಯಿದೆ. ಎಮಿರೇಟ್ಸ್‌ನಲ್ಲಿ ಗಿಡುಗಗಳಿಗೆ ಪಾಸ್‌ಪೋರ್ಟ್ ಕೂಡ ಇದೆ. ಇದನ್ನು ಶ್ರೀಮಂತರ ಶೋಕಿ ಎಂದು ನಕ್ಕು ಬಿಡಬೇಕಾಗಿಲ್ಲ. ಪರೀಕ್ಷೆಯಾದ ಹಕ್ಕಿ, ಗುರುತಿರುವ ಹಕ್ಕಿ ಅದನ್ನು ಹೊತ್ತವನಿಗೂ ಒಂದು ರಕ್ಷಣೆ. ಬೆತ್ತದ ಕೊಳವೆಯಲ್ಲಿ ಬಂದ ಹಕ್ಕಿಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಗಿಡುಗ, ಹದ್ದುಗಳನ್ನು ಹಿಡಿದು ಸಾಕುವಂತಿಲ್ಲ. ಅರಸರೂ ಹೋದರು, ಶ್ಯೇನ ವಿನೋದವೂ ಹೋಯಿತು. ಹಾಗೆಂದು ಬೇಟೆಹಕ್ಕಿ ಮನುಷ್ಯನ ಕೈಗೆ ಬರುವುದು ನಿಂತಿಲ್ಲ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕುಯ್ದುಕೊಂಡು ಬೀಳುವ ಹದ್ದುಗಳನ್ನು ಎತ್ತಿ ತರುವವರಿದ್ದಾರೆ. ದೆಹಲಿಯ ಇಬ್ಬರು ಸಹೋದರರು ಮನೆಯ ನೆಲಮಾಳಿಗೆಯಲ್ಲಿ ಇಂಥ ಹದ್ದುಗಳಿಗೆ ಚಿಕಿತ್ಸೆ ಮಾಡುವುದನ್ನು 2022ರ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ ಜಗತ್ತಿಗೆ ತೋರಿಸಿತು. ಬೆಂಗಳೂರಿನಲ್ಲೂ ಮರದಲ್ಲಿ ತೂಗಾಡುವ ಹದ್ದನ್ನು ಇಳಿಸಲು ಫೋನ್ ಮಾಡಿದರೆ ಬರುವ ಸ್ವಯಂಸೇವಕರಿದ್ದಾರೆ. ಬಹುಪಾಲು ಯುವಕ ಯುವತಿಯರು. ಕೈಗೆ ಸಿಕ್ಕ ಟವಲ್ಲು, ರಟ್ಟಿನ ಡಬ್ಬಿ, ಆಮೇಲೆ ಆಟೋ.

ಅರಮನೆಯ ಗಿಡುಗಶಾಲೆಯ ದಿನಚರಿ ಇವರ ಪಾಲಿಗೆ ಬಂದಿದೆ: ಕೋಳಿಮಾಂಸ ತುಂಡು ಮಾಡುವುದು, ಹಿಕ್ಕೆ ನೋಡುವುದು, ಗೂಡು ತೊಳೆಯುವುದು. ಹಕ್ಕಿಜ್ವರ ಭಾರತಕ್ಕೆ ಬಂದದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿಫಾರಂಗಳಿಗೆ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರಿನಲ್ಲಿ ಅದು ಕಾಣಿಸಿಕೊಂಡಿತು. 2024ರ ಕೊನೆಯಲ್ಲಿ ನಾಗಪುರದ ಗೋರೆವಾಡ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿಗಳು, ಒಂದು ಚಿರತೆ ಎಚ್5ಎನ್1ರಿಂದ ಸತ್ತವು. ಹಕ್ಕಿಯ ವೈರಾಣು ಬೇಟೆಪ್ರಾಣಿಯವರೆಗೆ ಬಂದಿದೆ ಎಂದಮೇಲೆ, ಆ ಪ್ರಾಣಿಗಳಿಗೆ ಉಣಿಸುವ ಕೈಗಳ ಬಗ್ಗೆ ಯೋಚಿಸದೆ ಇರುವುದು ಹೇಗೆ?

ಮಾಡಬೇಕಾದದ್ದು ದೊಡ್ಡದೇನಲ್ಲ. ಗೂಡು ಗುಡಿಸುವ ಮೊದಲು ನೀರು ಚಿಮುಕಿಸಿ ಧೂಳು ಏಳದಂತೆ ಮಾಡುವುದು, ಮಾಸ್ಕು, ಕನ್ನಡಕ, ತೊಳೆಯಬಹುದಾದ ಕೈಗವಸು, ಸೋಪು ನೀರು, ಹೊಸ ಹಕ್ಕಿಯನ್ನು ಕೆಲವು ದಿನ ಬೇರೆ ಇಡುವುದು, ಸತ್ತ ಪಾರಿವಾಳವನ್ನೋ ಕಾಯಿಲೆಯ ಕೋಳಿಯನ್ನೋ ತಿನ್ನಿಸದಿರುವುದು. ಜ್ವರ ಬಂದರೆ ‘ನಾನು ಹಕ್ಕಿಗಳ ಜೊತೆ ಕೆಲಸ ಮಾಡುತ್ತೇನೆ’ ಎಂದು ವೈದ್ಯರಿಗೆ ಕೇಳುವ ಮೊದಲೇ ಹೇಳುವುದು. ಭಯಪಟ್ಟು ಹದ್ದನ್ನು ಮರದಲ್ಲೇ ಬಿಡಬೇಕೆಂದು ಇದರ ಅರ್ಥವಲ್ಲ. ಅಪಾಯ ಸಣ್ಣದು; ಸಣ್ಣ ಅಪಾಯಕ್ಕೆ ಸಣ್ಣ ಎಚ್ಚರ ಸಾಕು.

ಚರಿತ್ರೆಯ ವಿದ್ಯಾರ್ಥಿಯಾಗಿ ಇದಕ್ಕೆ ನಾನು ಸೇರಿಸುವುದು ಒಂದೇ. ಹಕ್ಕಿ ಬಂದಾಗ ಅದರ ಹೆಸರಿನಲ್ಲಿ ಒಂದು ಚೀಟಿ ತೆರೆಯುತ್ತಾರೆ: ಯಾವ ಹಕ್ಕಿ, ಎಲ್ಲಿ ಸಿಕ್ಕಿತು, ಏನು ಗಾಯ, ಎಷ್ಟು ತೂಕ, ಯಾವ ಮದ್ದು. ಸೋಮೇಶ್ವರ, ಫ್ರೆಡರಿಕ್, ರುದ್ರದೇವರು ಕಟ್ಟಿದ ಪರಂಪರೆ ಆ ಚೀಟಿಯಲ್ಲಿ ಮುಂದುವರಿದಿದೆ. ಅದೇ ಚೀಟಿಯ ಕೆಳಗೆ ಇನ್ನೊಂದು ಸಾಲು ಇರಲಿ. ಈ ಹಕ್ಕಿಯನ್ನು ಎತ್ತಿದವರು ಯಾರು, ಗೂಡು ತೊಳೆದವರು ಯಾರು, ಹದಿನೈದು ದಿನಗಳ ಮೇಲೆ ಅವರು ಹೇಗಿದ್ದಾರೆ.